ಅರ್ಧ ವೃತ್ತದ ಒಳಬದಿ

ಮಾರ್ಚ್ ಒಂಬತ್ತು, ಭಾನುವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ಆಟದ ಮೈದಾನವನ್ನು ಅರ್ಧ ಸುತ್ತು ಹಾಕುವ ಅಗಲ ರಸ್ತೆಯಲ್ಲಿ ಓಟಗಾರರ ಸಂಘದ ಕಾರ್ಯದರ್ಶಿ ಟಾರ್ಚ್ ಹಿಡಿದು ನಿಂತು, ಶಾಲೆಯ ರಸ್ತೆಯ ಬಾಯಲ್ಲಿ ರಾತ್ರೋರಾತ್ರಿ ಬಿದ್ದಿದ್ದ ಗುಂಡಿಯನ್ನು ನೋಡುತ್ತಿದ್ದಳು. ನೀರಿನ ಪೈಪ್ ಒಡೆದಿತ್ತಂತೆ. ಅಗೆದವರು ಮಣ್ಣನ್ನು ರಸ್ತೆಗೆ ಅಡ್ಡ ಸುರಿದು, ಕೆಂಪು ಪಟ್ಟಿ ಕಟ್ಟಿ ಹೋಗಿದ್ದರು. ವಾರದ ಆರು ದಿನ ಅವಳು ಕೆಲಸ ಮಾಡುವುದು ಅದೇ ನೀರಿನ ಇಲಾಖೆಯ ಪ್ರಯೋಗಾಲಯದಲ್ಲಿ. ಬಯ್ಯಲು ಬೇರೆಯವರು ಸಿಗಲಿಲ್ಲ, ಬಯ್ಯಲು ಹೊತ್ತೂ ಇರಲಿಲ್ಲ. ಆರು ಗಂಟೆಗೆ ಹಾಫ್ ಮ್ಯಾರಥಾನ್ ಶುರುವಾಗಬೇಕು.

ಆ ಶಾಲೆಯ ರಸ್ತೆಯನ್ನು ನಂಬಿಕೊಂಡೇ ಅವಳು ಈ ವರ್ಷದ ಯೋಜನೆ ಮಾಡಿದ್ದಳು. ನೋಂದಣಿ ಮಾಡಿಸದೆ ಓಟಕ್ಕೆ ನುಗ್ಗುವವರನ್ನು, ಅಂದರೆ ಎದೆಯ ಮೇಲೆ ನಂಬರ್ ಇಲ್ಲದವರನ್ನು, ಫಿನಿಶ್ ಕಮಾನಿಗೆ ಸ್ವಲ್ಪ ಮೊದಲು ಬರುವ ಈ ತಿರುವು ಶುರುವಾಗುವಲ್ಲೇ ಬೇರ್ಪಡಿಸಿ ಶಾಲೆಯ ರಸ್ತೆಗೆ ಇಳಿಸಿಬಿಡುವುದು. ಅವರು ಕಮಾನಿನ ಕೆಳಗೆ ಬರಬಾರದು, ಅಲ್ಲಿನ ನೀರಿನ ಮೇಜಿಗೆ ಕೈ ಹಾಕಬಾರದು. ಹೋದ ವರ್ಷ ಅಂಥವರು ಮುನ್ನೂರು ಜನರ ಮೇಲಿದ್ದರು. ದುಡ್ಡು ಕೊಟ್ಟು ಹೆಸರು ಬರೆಸಿದವರಲ್ಲಿ ನಿಧಾನವಾಗಿ ಓಡುವವರು ಕೊನೆಗೆ ಬಂದಾಗ ಲೋಟಗಳೂ ಇರಲಿಲ್ಲ, ನೀರೂ ಇರಲಿಲ್ಲ. ಒಬ್ಬಾಕೆ ಕಮಾನು ದಾಟಿದ ಮೇಲೆ ಕುಸಿದು ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಟ್ರಾಫಿಕ್ ಇನ್‌ಸ್ಪೆಕ್ಟರ್ ಈ ಸಲ ಅನುಮತಿ ಕೊಡುವಾಗಲೇ ಹೇಳಿದ್ದರು, ಸಾವಿರದೈನೂರು ಜನ ಅಂದರೆ ಸಾವಿರದೈನೂರೇ ಜನ, ಇಲ್ಲದಿದ್ದರೆ ಮುಂದಿನ ವರ್ಷ ಮೈದಾನದೊಳಗೆ ಗಿರಕಿ ಹೊಡೆಯಿರಿ ಎಂದು. ಶುರುವಿನಲ್ಲಿ ತಡೆಯೋಣವೆಂದರೆ ಅವರು ಶುರುವಿಗೆ ಬರುವುದೇ ಇಲ್ಲ, ನಾಲ್ಕನೇ ಕಿಲೋಮೀಟರಿನಲ್ಲಿ ಓಣಿಗಳಿಂದ ಸೇರಿಕೊಳ್ಳುತ್ತಾರೆ. ಓಡುತ್ತಿರುವವನನ್ನು ತೋಳು ಹಿಡಿದು ನಿಲ್ಲಿಸಲು ಹೋಗಿ ಒಮ್ಮೆ ಒಬ್ಬನ ಮಂಡಿ ಒಡೆದಿತ್ತು. ಉಳಿದದ್ದು ಇದೊಂದೇ ಉಪಾಯ, ಅದರ ಬಾಯಲ್ಲಿ ಈಗ ಗುಂಡಿ.

ಅವಳು ಹೆಚ್ಚು ಯೋಚಿಸಲಿಲ್ಲ. ನಂಬರ್ ಇಲ್ಲದವರು ತಿರುವಿನ ಹೊರ ಅಂಚಿನಲ್ಲಿ ಓಡಲಿ, ತಿರುವು ಮುಗಿಯುವಲ್ಲಿ ಇನ್ನೊಂದು ಓಣಿಯಿದೆ, ಅಲ್ಲಿ ಆಚೆ ಹೋಗಲಿ. ಅದಕ್ಕೆ ಜಾಗ ಬೇಕು. ಹಿಂದಿನ ಸಂಜೆ ಅವಳ ಭಾವ ರಸ್ತೆಯ ಉದ್ದಕ್ಕೂ ಕೋನ್‌ಗಳ ಒಂದು ಸಾಲು ಇಟ್ಟುಹೋಗಿದ್ದ. ಸಾಲಿನ ಹೊರಗಡೆ ಓಟಗಾರರು, ಒಳಗಡೆ, ಮೈದಾನದ ಕಡೆಗೆ, ಆಸ್ಪತ್ರೆಗೆ ಹೋಗುವ ವಾಹನಗಳು. ಹೊರಗಿನ ಭಾಗವನ್ನು ಎರಡು ಮಾಡಿದರೆ ಇಬ್ಬರು ಜೊತೆಯಾಗಿ ಓಡಲೂ ಆಗುತ್ತಿರಲಿಲ್ಲ. ಅವಳು ಪಿಕಪ್ ಗಾಡಿಯ ಚಾಲಕನಿಗೆ ಮೈದಾನದ ಅಂಚಿಗೆ ಒತ್ತಿಕೊಂಡು ನಿಧಾನವಾಗಿ ಹೋಗಲು ಹೇಳಿ, ತಾನು ಅದರ ಪಕ್ಕದಲ್ಲೇ ನಡೆಯುತ್ತ, ಇಬ್ಬರು ಸ್ವಯಂಸೇವಕರು ಎತ್ತಿಕೊಟ್ಟ ಕೋನ್‌ಗಳನ್ನು ಒಂದೊಂದಾಗಿ ಒಳಗೆ ಸರಿಸಿ ಇಡುತ್ತ ಹೋದಳು. ಒಂದು ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಟ್ಟರೆ ಸಾಕು. ಹೊರ ಅಂಚಿಗೆ ಪಟ್ಟಿ ಕಟ್ಟಿಸಿದಳು. ಐದು ಮುಕ್ಕಾಲಿಗೆ ಎಲ್ಲ ಮುಗಿದಿತ್ತು. ಭಾವ ಆಗ ಹದಿನಾಲ್ಕನೇ ಕಿಲೋಮೀಟರಿನಲ್ಲಿ ನೀರಿನ ಮೇಜು ಹಾಕಿಸುತ್ತಿದ್ದ. ಅವನನ್ನು ಅಲ್ಲಿಗೆ ಕಳಿಸಿದ್ದವಳು ಅವಳೇ.

ಏಳು ಗಂಟೆಯ ಹೊತ್ತಿಗೆ ಅವಳು ತಿರುವಿನ ಬಾಯಲ್ಲಿ ಕೈಮೈಕ್ ಹಿಡಿದು ನಿಂತಿದ್ದಳು. ಗಂಡಸರಲ್ಲಿ ಮೊದಲಿನವರು ಹೋದರು. ಏಳು ಹದಿನಾಲ್ಕರ ಸುಮಾರಿಗೆ ಬೇಕರಿಯವನು ಕಾಣಿಸಿದ, ಎದೆಯ ಮೇಲೆ ಬೆವರು ಬಿಟ್ಟರೆ ಏನೂ ಇಲ್ಲ. ನಲವತ್ತೈದರ ಆಳು, ಬೆಳಗಿನ ಓಟದ ಗುಂಪೊಂದನ್ನು ಕಟ್ಟಿಕೊಂಡವನು. ಅವಳೇ ಖುದ್ದಾಗಿ ಹೋಗಿ ಹೆಸರು ಬರೆಸಿ ಎಂದು ಕೇಳಿದಾಗ, ದಿನಾ ಓಡುವ ರಸ್ತೆಯಲ್ಲಿ ಒಂದು ದಿನ ಓಡುವುದಕ್ಕೆ ನಿಮ್ಮ ಅಪ್ಪಣೆ ಯಾಕೆ ಎಂದು ನಗುನಗುತ್ತ ಕಳಿಸಿಕೊಟ್ಟಿದ್ದ. ಅವನ ಬೆನ್ನಿಗೆ ಹತ್ತು ಹೆಜ್ಜೆ ಹಿಂದೆ ಊರಿನ ಆಸ್ಪತ್ರೆಯ ನರ್ಸ್ ಒಬ್ಬಳು ಬರುತ್ತಿದ್ದಳು, ಹೆಂಗಸರಲ್ಲಿ ಎಲ್ಲರಿಗಿಂತ ಮುಂದೆ, ಕಣ್ಣು ನೆಲಕ್ಕೆ ನೆಟ್ಟು.

"ನಂಬರ್ ಇಲ್ಲದೋರು ಹೊರಗಡೆ, ಪಟ್ಟಿಯಿಂದ ಆಚೆ" ಎಂದು ಅವಳು ಮೈಕಿನಲ್ಲಿ ಕೂಗಿದಳು. ಬೇಕರಿಯವನು ಆಚೆ ಹೋಗಲಿಲ್ಲ. ನಿಂತ. ನಿಂತು ಸೊಂಟದ ಚೀಲದಿಂದ ಫೋನ್ ತೆಗೆದು, ಉಸಿರು ಸುಧಾರಿಸಿಕೊಳ್ಳುತ್ತಲೇ, ಅವಳ ಮುಖಕ್ಕೆ ಹಿಡಿದ. ನರ್ಸ್ ಅವನ ಪಕ್ಕದಿಂದ ಸರಿದು ತಿರುವಿನೊಳಗೆ ಹೋದಳು. ಆಮೇಲೆ ಹದಿನೈದು ನಿಮಿಷ ಅಲ್ಲಿ ನಡೆದದ್ದು ಬರಿಯ ಬಾಯಿ ಜಗಳ. ರಸ್ತೆ ಯಾರಪ್ಪನದು ಎಂದು ಅವನು, ನೀರು ಯಾರಪ್ಪನದು ಎಂದು ಇವಳು.

ನರ್ಸ್ ಓಟ ಮುಗಿಸಿದ್ದು ಒಂದು ಗಂಟೆ ಹದಿನೈದು ನಿಮಿಷ ಐವತ್ತೇಳು ಸೆಕೆಂಡಿಗೆ. ಒಂದು ಗಂಟೆ ಹದಿನಾರರೊಳಗೆ ಬಂದವರಿಗೆ ಮಾತ್ರ ರಾಜ್ಯ ತಂಡದ ಆಯ್ಕೆಯ ಶಿಬಿರದ ಬಾಗಿಲು ತೆರೆಯುತ್ತದೆ, ಅದೂ ಈ ತಿಂಗಳ ಕೊನೆಯೊಳಗೆ. ಅಷ್ಟರಲ್ಲಿ ಬೇರೆ ಓಟ ಇರಲಿಲ್ಲ. ಅವಳಿಗೆ ಮೂವತ್ತನಾಲ್ಕು. ನಾಲ್ಕು ತಿಂಗಳಿಂದ ವಾರ್ಡಿನ ಗೆಳತಿಯರು ಅವಳ ರಾತ್ರಿ ಪಾಳಿಗಳನ್ನು ಹಂಚಿಕೊಂಡು ಮಾಡಿದ್ದರು. ಮುಂದಿನ ವರ್ಷಕ್ಕೆ ಅವರನ್ನು ಮತ್ತೆ ಕೇಳುವ ಮುಖ ತನಗಿಲ್ಲ, ಕೇಳಿದರೂ ಕಾಲು ಕೇಳುವುದಿಲ್ಲ ಎಂದು ಅವಳೇ ಹೇಳಿಕೊಂಡಿದ್ದಳು. ಕಮಾನಿನ ಕೆಳಗೆ ಅವಳು ನೆಲದ ಮೇಲೆ ಕಾಲು ಚಾಚಿ ಕುಳಿತು, ತನ್ನ ಸಮಯವನ್ನು ಮೂರು ಜನರ ಬಾಯಿಂದ ಬೇರೆ ಬೇರೆಯಾಗಿ ಹೇಳಿಸಿಕೊಂಡು, ಆಮೇಲಷ್ಟೇ ನಕ್ಕಳು.

ಹನ್ನೊಂದು ಗಂಟೆಗೆ ಕೋನ್‌ಗಳನ್ನು ಒಟ್ಟುಮಾಡುವಾಗ ಭಾವ ತಿರುವಿಗೆ ಬಂದ. ಅವನದು ಕನ್ನಡಕದ ಅಂಗಡಿ. ಓಟದ ದಾರಿ ಅಳೆಯುವುದು ಅವನಿಗೆ ಇಪ್ಪತ್ತು ವರ್ಷದ ಹುಚ್ಚು, ಅದಕ್ಕಾಗಿ ಪರೀಕ್ಷೆ ಕೊಟ್ಟು ಪರವಾನಗಿ ಪಡೆದವನು. ರಸ್ತೆಯ ನಡುವೆ ನಿಂತು ಅವನು ಕೆಳಗೆ ನೋಡುತ್ತಿದ್ದ. ಅಲ್ಲಿ ಅವನು ಹೊಡೆದಿದ್ದ ಮೊಳೆಗಳಿದ್ದವು, ಒಂದೊಂದರ ಸುತ್ತ ಹಳದಿ ಬಣ್ಣದ ಉಂಗುರ. ಕೋನ್ ಕೂರಬೇಕಾದ ಜಾಗಗಳು.

"ಇವು ಯಾಕಮ್ಮ ಬೋಳಾಗಿವೆ?" ಎಂದ.

ಅವಳು ಮೊಳೆಗಳಿಂದ ಮೈದಾನದ ಅಂಚಿನವರೆಗೆ ಕಣ್ಣು ಹಾಯಿಸಿದಳು. ಕಾಲೇಜಿನ ಮೈದಾನದಲ್ಲಿ ಓಡಿದವರಿಗೆಲ್ಲ ಗೊತ್ತು, ತಿರುವಿನಲ್ಲಿ ಹೊರಗಿನ ಅಂಕಣ ಉದ್ದ, ಒಳಗಿನದು ಗಿಡ್ಡ. ಅದಕ್ಕೇ ಹೊರಗಿನವರನ್ನು ಮುಂದೆ ನಿಲ್ಲಿಸುತ್ತಾರೆ. ಆ ಬೆಳಗ್ಗೆ ಅವಳ ತಲೆಯ ತುಂಬ ನಂಬರ್ ಇಲ್ಲದವರೇ ಇದ್ದರು. ಅವರಿಗೊಂದು ದಾರಿ ಮಾಡಿಕೊಡುವ ಭರದಲ್ಲಿ ನಂಬರ್ ಇದ್ದವರ ದಾರಿಯನ್ನೇ ಅವಳು ಮೊಟಕು ಮಾಡಿದ್ದಳು. ಅವಳು ಇದನ್ನು ಭಾವನಿಗೆ ಹೇಳಿದಳು. ಎಷ್ಟು ಸರಿಸಿದೆ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಸ್ವಯಂಸೇವಕರು ಕೊನೆಯ ಕೋನನ್ನೂ ಗಾಡಿಗೆ ಎಸೆದಿದ್ದರು.

ಮನೆಯಲ್ಲಿ ಅಕ್ಕ ಬಡಿಸಿದ ಊಟ ಆರಿಹೋಗುವವರೆಗೆ ಇಬ್ಬರೂ ಮೇಜಿನ ಮೇಲೆ ಲೆಕ್ಕ ಹಾಕಿದರು. ಲೆಕ್ಕ ಸುಲಭದ್ದೇ. ಅಳೆಯುವವರು ಸಾವಿರ ಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿಯೇ ದಾರಿ ಗುರುತಿಸುತ್ತಾರೆ, ತಮ್ಮ ಅಳತೆಯ ತಪ್ಪಿನಿಂದ ದಾರಿ ಎಂದೂ ಕಡಿಮೆ ಬೀಳದಿರಲಿ ಎಂದು. ಹಾಫ್ ಮ್ಯಾರಥಾನಿಗೆ ಹಾಗೆ ಸೇರುವುದು ಇಪ್ಪತ್ತೊಂದು ಮೀಟರ್ ಹತ್ತು ಸೆಂಟಿಮೀಟರ್. ಓಟದ ನಂತರ ಯಾರಾದರೂ ಮತ್ತೆ ಅಳೆದರೆ, ಕೊರತೆ ಅಷ್ಟರೊಳಗಿದ್ದರೆ ಓಟ ಊರ್ಜಿತ. ಅದಕ್ಕಿಂತ ಒಂದು ಗೇಣು ಹೆಚ್ಚಾದರೂ ಆ ದಿನದ ಯಾರ ಸಮಯವೂ ಎಲ್ಲಿಯೂ ಲೆಕ್ಕಕ್ಕಿಲ್ಲ. ಇನ್ನು ಅರ್ಧ ವೃತ್ತದ ತಿರುವಿನಲ್ಲಿ ಒಳಗೆ ಸರಿದ ಪ್ರತಿ ಮೀಟರಿಗೆ ಮೂರು ಮೀಟರ್ ಹದಿನಾಲ್ಕು ಸೆಂಟಿಮೀಟರ್ ದಾರಿ ಕಡಿಮೆಯಾಗುತ್ತದೆ, ಮೈದಾನ ಎಷ್ಟೇ ದೊಡ್ಡದಿರಲಿ. ಅಂದರೆ ಅವಳು ಸಾಲನ್ನು ಆರು ಮೀಟರ್ ಎಪ್ಪತ್ತು ಸೆಂಟಿಮೀಟರ್‌ಗಿಂತ ಹೆಚ್ಚು ಸರಿಸಿರದಿದ್ದರೆ ಬಚಾವು. ಆರು ಮೀಟರ್ ಸರಿಸಿದ್ದಳೋ, ಏಳೋ? ಪಿಕಪ್ ಗಾಡಿ ಅಂಚಿನಿಂದ ಎಷ್ಟು ದೂರದಲ್ಲಿತ್ತು, ಗಾಡಿಯಿಂದ ತಾನೆಷ್ಟು ದೂರದಲ್ಲಿದ್ದೆ? ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಷ್ಟೂ ರಸ್ತೆ ಅಗಲವಾಗುತ್ತ, ಕಿರಿದಾಗುತ್ತ ಹೋಯಿತು.

ಫಲಿತಾಂಶಗಳನ್ನು ಬುಧವಾರ ಕಳಿಸಬೇಕಿತ್ತು. ಅಳೆದ ದಾರಿಯಲ್ಲೇ ಓಟ ನಡೆಯಿತು ಎಂದು ಭಾವ ಸಹಿ ಹಾಕಬೇಕು, ಅದರ ಕೆಳಗೆ ಅವಳು.

"ನಾನು ಬೇಕಾದ್ರೆ ಕನ್ನಡಕ ತೆಗೆದು ಸಹಿ ಹಾಕ್ತೀನಿ. ಏನೂ ಕಾಣಲ್ಲ ನನಗೆ" ಎಂದ ಭಾವ. ತಮಾಷೆಗೇ ಹೇಳಿದ, ಆದರೆ ಹೇಳಿ ಅವಳ ಮುಖ ನೋಡಿದ.

ಅಕ್ಕ, ಆ ಹುಡುಗಿಯ ಬಾಳು ಹಾಳು ಮಾಡಿ ನಿನಗೇನು ಬರಬೇಕಾಗಿದೆ ಎಂದು ಅಡುಗೆಮನೆಯಿಂದಲೇ ಕೇಳಿದಳು. ತಂಗಿ ತಟ್ಟೆ ತೊಳೆದಿಟ್ಟು ಹೊರಟಳು. ಸಂಜೆಯವರೆಗೆ ಎರಡು ಸಲ ಮೈದಾನದ ತಿರುವಿಗೆ ಹೋಗಿ ಬಂದಳು. ಬಸ್ಸುಗಳು ಆ ಹಳದಿ ಉಂಗುರಗಳ ಮೇಲೆ ಓಡಾಡುತ್ತಿದ್ದವು. ನೋಡುವುದಕ್ಕೆ ಏನೂ ಇರಲಿಲ್ಲ, ಆದರೂ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಸೋಮವಾರ ಪ್ರಯೋಗಾಲಯದಲ್ಲಿ ಒಂದೇ ಮಾದರಿಯನ್ನು ಎರಡು ಸಲ ಪರೀಕ್ಷಿಸಿ, ಎರಡು ಸಲವೂ ಗುರುತು ಹಾಕಲು ಮರೆತು, ಮಧ್ಯಾಹ್ನದ ರಜೆ ಹಾಕಿ ಆಸ್ಪತ್ರೆಗೆ ಹೋದಳು. ನರ್ಸ್ ವಾರ್ಡಿನ ಹೊರಗೆ ಹಾಸಿಗೆ ಬಟ್ಟೆಗಳ ಕೋಣೆಯಲ್ಲಿ ಹೊದಿಕೆಗಳನ್ನು ಮಡಿಸುತ್ತಿದ್ದಳು. ಅವಳನ್ನು ಕಂಡ ಕೂಡಲೇ ಮುಖ ಅರಳಿತು. ಶಿಬಿರದವರು ಫೋನ್ ಮಾಡಿದ್ದರು, ಫಲಿತಾಂಶ ಕೈಸೇರಿದರೆ ಸಾಕು ಎಂದಿದ್ದಾರೆ ಎಂದು ಹೇಳಿದಳು. ಕಾರ್ಯದರ್ಶಿ ನಿಂತಲ್ಲೇ ನಿಂತು, ಗುಂಡಿಯಿಂದ ಶುರುಮಾಡಿ ಮೊಳೆಗಳವರೆಗೆ, ಒಂದನ್ನೂ ಬಿಡದೆ ಹೇಳಿದಳು. ನರ್ಸ್ ಕೈ ನಿಲ್ಲಿಸಲಿಲ್ಲ. ಇನ್ನೂ ಎರಡು ಹೊದಿಕೆ ಮಡಿಸಿ ಒಂದರ ಮೇಲೊಂದು ಇಟ್ಟಳು.

"ಅಂದ್ರೆ ನಾನು ಕಡಿಮೆ ಓಡಿದೀನಿ ಅಂತೀರಾ?"

"ಗೊತ್ತಿಲ್ಲ. ಆಗಿರಬಹುದು. ಅಳೆದ್ರೆ ಗೊತ್ತಾಗತ್ತೆ."

"ಅಳೀದಿದ್ರೆ?"

"ಅಳೀದಿದ್ರೆ ಯಾರಿಗೂ ಗೊತ್ತಾಗಲ್ಲ."

ನರ್ಸ್ ಅವಳನ್ನು ನೇರವಾಗಿ ನೋಡಿದಳು. "ಮೇಡಂ, ನೀವು ನನ್ನನ್ನ ಕೇಳ್ತಾ ಇದೀರೋ, ನನಗೆ ಹೇಳ್ತಾ ಇದೀರೋ? ಕೇಳೋದಾದ್ರೆ ಬೇಡ ಅಂತೀನಿ. ನನಗೆ ಆ ಶಿಬಿರ ಬೇಕು. ಹೇಳೋದಾದ್ರೆ ಹೋಗಿ ಅಳೀರಿ. ನಿಮ್ಮ ಕೆಲಸಾನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ವಾರ್ಡಿನಿಂದ ಯಾರೋ ಕರೆದರು. ನರ್ಸ್ ಹೊದಿಕೆಗಳ ಕಟ್ಟು ಎತ್ತಿಕೊಂಡು ಹೋದಳು. ಬಾಗಿಲಲ್ಲಿ ತಿರುಗಿ, ಅಳೆಯುವುದು ಯಾವಾಗ ಎಂದು ಮಾತ್ರ ತಿಳಿಸಿ ಎಂದಳು.

ಅಳೆಯಬೇಕಾದರೆ ಕೋನ್‌ಗಳು ಎಲ್ಲಿದ್ದವು ಎಂಬುದು ಗೊತ್ತಿರಬೇಕು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವಳಿಗೆ ತನ್ನ ಮುಖಕ್ಕೆ ಹಿಡಿದಿದ್ದ ಆ ಫೋನ್ ನೆನಪಾಯಿತು. ನೆನಪಾದ ಮೇಲೂ ಅರ್ಧ ಗಂಟೆ ಬೀದಿ ಬೀದಿ ತಿರುಗಿದಳು. ಬೇಕರಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೇ ಸಲ ಒಳಗೆ ಕಾಲಿಟ್ಟಳು.

ಬೇಕರಿಯವನು ಒಲೆಯಿಂದ ಬ್ರೆಡ್ಡಿನ ಅಚ್ಚುಗಳನ್ನು ಎಳೆಯುತ್ತಿದ್ದ. "ಬನ್ನಿ ಬನ್ನಿ" ಎಂದ. "ಇಲ್ಲಿ ನಂಬರ್ ಇಲ್ಲದೋರೂ ಒಳಗೆ ಬರಬಹುದು."

ವಿಡಿಯೊ ಬೇಕಾಗಿತ್ತು ಎಂದಳು. ಅಳಿಸಿ ಎಂದು ಕೇಳಲು ಬಂದಿದ್ದಾಳೆ ಎಂದುಕೊಂಡು ಅವನು ಆಗುವುದಿಲ್ಲ ಎಂದ, ಆಗಲೇ ನಾಲ್ಕು ಸಾವಿರ ಜನ ನೋಡಿದ್ದಾರೆ, ತನ್ನ ಅತ್ತೆಗೂ ಇಷ್ಟವಾಗಿದೆ, ಜನ್ಮದಲ್ಲಿ ಮೊದಲ ಸಲ ಅಳಿಯನನ್ನು ಹೊಗಳಿದ್ದಾರೆ ಎಂದ. ಅಳಿಸುವುದು ಬೇಡ, ಪೂರ್ತಿ ಬೇಕು, ಕತ್ತರಿಸದೆ ಇರುವುದು ಬೇಕು ಎಂದು ಅವಳು ಕಾರಣ ಹೇಳಿದಳು. ಅವನು ಕೈ ಒರೆಸಿಕೊಂಡು ಹಿಟ್ಟಿನ ಮೂಟೆಯ ಮೇಲೆ ಕುಳಿತ. ತಮಾಷೆ ನಿಂತುಹೋಯಿತು.

ಇಬ್ಬರೂ ಆ ಪುಟ್ಟ ಪರದೆಯ ಮೇಲೆ ಬಾಗಿ ನೋಡಿದರು. ಮೊದಲು ಅವಳ ಮುಖ, ಬಾಯಿ ತೆರೆದದ್ದು. ನಂಬರ್ ಇಲ್ಲದೋರು ಹೊರಗಡೆ ಎಂಬ ಅವಳ ಕೀರಲು ದನಿ ಒಲೆಯ ಸದ್ದನ್ನೂ ಮೀರಿಸಿತು. ಆಮೇಲೆ ಚಿತ್ರ ಒಂದು ಪಕ್ಕಕ್ಕೆ ವಾಲಿತು. ಅಲ್ಲಿ, ಅವಳ ಹೆಗಲಿನ ಹಿಂದೆ, ನರ್ಸಿನ ಜಡೆ ಬೆನ್ನಿನ ಮೇಲೆ ಅತ್ತಿಂದಿತ್ತ ಬಡಿಯುತ್ತ ತಿರುವಿನಲ್ಲಿ ದೂರವಾಗುತ್ತಿತ್ತು. ಅವಳ ಬಲಕ್ಕೆ ಕೋನ್‌ಗಳ ಸಾಲು, ಸಾಲಿನಿಂದಾಚೆ ಮೈದಾನದ ಅಂಚಿನ ಚರಂಡಿಯ ಕಬ್ಬಿಣದ ಜಾಲರಿಗಳು. ಜಾಲರಿಗಳು ಈಗಲೂ ಅಲ್ಲೇ ಇವೆ. ಅವುಗಳಿಂದ ಹಿಡಿದು ಕೋನ್‌ಗಳನ್ನು ಮತ್ತೆ ಅದೇ ಜಾಗದಲ್ಲಿ ಇಡಬಹುದಿತ್ತು. ಅವಳು ಮತ್ತೆ ಹಾಕಿ ಎಂದಳು, ಮತ್ತೆ ಎಂದಳು. ಹತ್ತು ಸಲ ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು.

"ಆಯಮ್ಮ ನನ್ನ ಬೆನ್ನ ಹಿಂದೆ ಆರು ಕಿಲೋಮೀಟರ್ ಓಡಿದಾಳೆ" ಎಂದ ಬೇಕರಿಯವನು. "ಉಸಿರು ಕೇಳಿಸ್ತಿತ್ತು. ನಾನು ನಿಂತಾಗ ಸರೀ ಬೈದಿರಬೇಕು ನನ್ನ." ಸ್ವಲ್ಪ ತಡೆದು, ಬುಧವಾರ ಬೆಳಗ್ಗೆ ಐದಕ್ಕೆ ತನ್ನ ಗುಂಪಿನವರನ್ನು ಕರೆತಂದು ತಿರುವಿನ ಎರಡೂ ತುದಿಯಲ್ಲಿ ನಿಲ್ಲಿಸಿ ಗಾಡಿಗಳನ್ನು ತಡೆಯುತ್ತೇನೆ, ಇಲ್ಲದಿದ್ದರೆ ನೀವು ಬಸ್ಸಿನ ಕೆಳಗೆ ಅಳೆಯಬೇಕಾಗುತ್ತದೆ ಎಂದ. "ಅದಕ್ಕೂ ಹೆಸರು ಬರೆಸಬೇಕಾ?"

"ಬೇಡ" ಎಂದಳು. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಬುಧವಾರ ಬೆಳಕು ಹರಿಯುವ ಮೊದಲೇ ಭಾವ ಸೈಕಲ್ ತಂದಿದ್ದ. ಮುಂದಿನ ಚಕ್ರದ ಅಚ್ಚಿಗೆ ಒಂದು ಎಣಿಕೆಯ ಯಂತ್ರ ಬಿಗಿದಿತ್ತು. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೆಟ್ಟನೆಯ ಮುನ್ನೂರು ಮೀಟರನ್ನು ನಾಲ್ಕು ಸಲ ತುಳಿದು, ಯಂತ್ರದ ಎಷ್ಟು ಎಣಿಕೆಗೆ ಒಂದು ಮೀಟರ್ ಎಂದು ಗೊತ್ತುಮಾಡಿಕೊಂಡ. ಅಷ್ಟರಲ್ಲಿ ಅವಳು ಒಂದು ಕೈಯಲ್ಲಿ ಫೋನ್ ಹಿಡಿದು, ಜಾಲರಿಯಿಂದ ಜಾಲರಿಗೆ ನಡೆಯುತ್ತ ಕೋನ್‌ಗಳನ್ನು ಇಟ್ಟುಕೊಂಡು ಹೋದಳು. ಬೇಕರಿಯವನ ಗುಂಪಿನ ಹನ್ನೆರಡು ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಹಾಲಿನ ವ್ಯಾನಿನವನೊಡನೆ ಅವರಲ್ಲಿ ಯಾರೋ ವಾದಕ್ಕಿಳಿದಿದ್ದರು, ರಸ್ತೆ ಯಾರಪ್ಪನದು ಎಂದು ಈಗ ಅವನು ಕೇಳುತ್ತಿದ್ದ.

ಒಂದು ಕೋನಿನ ವಿಷಯದಲ್ಲಿ ಅವಳಿಗೂ ಭಾವನಿಗೂ ಹೊಂದಲಿಲ್ಲ. ಜಾಲರಿಯಿಂದ ಸರಿಯಾಗಿ ನಾಲ್ಕು ಹೆಜ್ಜೆ ಎಂದು ಅವಳು, ಅದಕ್ಕಿಂತ ಅಂಗೈಯಷ್ಟು ಒಳಗೆ, ಮೈದಾನದ ಕಡೆಗೆ ಎಂದು ಅವನು. ಅವಳು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಅವನು ಹೇಳಿದ್ದೇ ಸರಿ. ಕೋನನ್ನು ಒಳಗೆ ಸರಿಸುವಾಗ ಅವಳ ಕೈ ಅದರ ತುದಿಯಲ್ಲಿ ಒಂದು ಕ್ಷಣ ಹೆಚ್ಚಿಗೆ ನಿಂತಿತು.

ನರ್ಸ್ ಬಂದದ್ದು ಆಗ. ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಊಟದ ಡಬ್ಬಿಯ ಚೀಲ ಹಿಡಿದು ಬಂದವಳು ಯಾರ ಜೊತೆಗೂ ಮಾತಾಡದೆ ಮೈದಾನದ ಬೇಲಿಗೆ ಒರಗಿ ನಿಂತಳು. ಬೇಕರಿಯವನು ಅವಳ ಹತ್ತಿರ ಹೋಗಿ, ನಿಲ್ಲಬಾರದಿತ್ತು ನಾನು, ತಪ್ಪಾಯ್ತಮ್ಮ ಎಂದ. ಅವಳು ತಲೆಯಾಡಿಸಿದಳು.

ಭಾವ ಸೈಕಲ್ ಹತ್ತಿದ. ತಿರುವು ಶುರುವಾಗುವ ಮೊಳೆಯಿಂದ ಮುಗಿಯುವ ಮೊಳೆಯವರೆಗೆ, ಕೋನ್‌ಗಳಿಂದ ಮೂವತ್ತು ಸೆಂಟಿಮೀಟರ್ ಬಿಟ್ಟು, ಓಟಗಾರ ಓಡಬಹುದಾದ ಅತಿ ಹತ್ತಿರದ ಗೆರೆ ಹಿಡಿದು, ನಡಿಗೆಯ ವೇಗದಲ್ಲಿ ತುಳಿದ. ಮೊದಲ ಅಳತೆಯಲ್ಲಿ, ಮೊಳೆಗಳ ಸಾಲಿನಲ್ಲಿ, ಅಷ್ಟು ದಾರಿ ಇನ್ನೂರ ಎಂಬತ್ತೇಳು ಮೀಟರ್ ಅರುವತ್ತು ಸೆಂಟಿಮೀಟರ್ ಇತ್ತು. ಅವನು ಮೂರು ಸಲ ತುಳಿದ. ಪ್ರತಿ ಸಲ ಕೊನೆಯ ಮೊಳೆಯ ಬಳಿ ಚಕ್ರ ಹಿಡಿದು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಯಂತ್ರಕ್ಕೆ ಮೂಗು ತಾಗುವಷ್ಟು ಬಾಗಿ ಅಂಕಿ ಓದಿದ. ಅವಳು ಕಾಗದದ ಮೇಲೆ ಗುಣಿಸಿದಳು. ಮೂರರಲ್ಲಿ ಎರಡು ಐದು ಸೆಂಟಿಮೀಟರ್ ಅಂತರದೊಳಗಿದ್ದವು, ಒಂದು ಸ್ವಲ್ಪ ಉದ್ದ ಬಂದಿತ್ತು. ಅವಳು ಓಟಗಾರರಿಗೆ ಅನುಕೂಲವಾದ ಆ ಉದ್ದದ್ದನ್ನೇ ತೆಗೆದುಕೊಂಡಳು. ಕಳೆದಳು. ಮತ್ತೊಮ್ಮೆ ಕಳೆದಳು.

"ಇನ್ನೊಂದು ಸಲ ತುಳೀತೀರಾ ಭಾವ?"

ಭಾವ ತುಳಿಯಲು ತಯಾರಿದ್ದ, ಸೈಕಲ್ ತಿರುಗಿಸಿಯೂ ಇದ್ದ. ನರ್ಸ್ ಬೇಲಿಯಿಂದ ಬಂದು ಅವಳ ಪಕ್ಕ ನಿಂತು ಕಾಗದ ನೋಡಿದಳು. ಅಂಕಿಗಳು ಯಾರಿಗಾದರೂ ಓದಲು ಬರುವಂತೆ ದುಂಡಗಿದ್ದವು.

"ಬೇಡ ಬಿಡಿ" ಎಂದಳು ನರ್ಸ್. "ಎಷ್ಟು ಸಲ ತುಳಿದ್ರೂ ಅಷ್ಟೇ ಇರತ್ತೆ. ಬರೀರಿ. ನನಗೆ ಮಕ್ಕಳನ್ನ ಶಾಲೆಗೆ ಕಳಿಸಬೇಕು."

ದೂರದಲ್ಲಿ ಬೇಕರಿಯವನ ಜನ ರಸ್ತೆ ಬಿಟ್ಟುಕೊಟ್ಟರು, ಮೊದಲ ಬಸ್ಸು ನಿಧಾನವಾಗಿ ತಿರುವಿನೊಳಗೆ ಬರತೊಡಗಿತು. ಕಾರ್ಯದರ್ಶಿ ಕಾಗದವನ್ನು ಸೈಕಲ್ಲಿನ ಸೀಟಿನ ಮೇಲೆ ಇಟ್ಟು, ಅದು ಹಾರದಂತೆ ಎಡಗೈ ಊರಿ, ಕೆಳಗಿನ ಸಾಲನ್ನು ತುಂಬಿದಳು. ಅನುಮತಿಯಿದ್ದ ಕೊರತೆ, ಇಪ್ಪತ್ತೊಂದು ಮೀಟರ್ ಹತ್ತು ಸೆಂಟಿಮೀಟರ್. ಕಂಡುಬಂದ ಕೊರತೆ, ಇಪ್ಪತ್ತೆರಡು ಮೀಟರ್ ಇಪ್ಪತ್ತು ಸೆಂಟಿಮೀಟರ್.